ಜಿಂಕ್ ಮಾತ್ರೆಯಿಂದ ಬ್ಯಾಕ್ಟೀರಿಯಾದ ‘ಕೋಟೆ’ ಕರಗುತ್ತದೆಯೇ? ಆ್ಯಂಟಿಬಯೋಟಿಕ್ ನಿಲ್ಲಿಸುವ ಮುನ್ನ ಇದನ್ನು ಓದಿ

ಕೆಲವು ದಿನಗಳ ಹಿಂದೆ ಓದುಗರೊಬ್ಬರು ನಮಗೆ ಒಂದು ವಾಟ್ಸ್‌ಆ್ಯಪ್ ಫಾರ್ವರ್ಡ್ ಕಳಿಸಿ, ಅದರ ಕೆಳಗೆ ಹೀಗೆ ಬರೆದಿದ್ದರು: “ಅಮ್ಮನಿಗೆ ಯೂರಿನ್ ಇನ್‌ಫೆಕ್ಷನ್ ಆಗಿದೆ. ಡಾಕ್ಟರು ಏಳು ದಿನಕ್ಕೆ ಆ್ಯಂಟಿಬಯೋಟಿಕ್ ಬರೆದುಕೊಟ್ಟಿದ್ದಾರೆ. ಮೂರನೇ ದಿನಕ್ಕೆ ಉರಿ ಕಡಿಮೆಯಾಯ್ತು. ಈ ಮೆಸೇಜ್ ನೋಡಿ ಅದನ್ನು ಬಿಟ್ಟು ಜಿಂಕ್ ಮಾತ್ರೆ ತಗೊಳ್ತಿದ್ದಾರೆ. ಪರವಾಗಿಲ್ವಾ?”

ಪರವಾಗಿಲ್ಲ ಎನ್ನುವಂತಿಲ್ಲ. ಇವತ್ತೇ ಆ ಡಾಕ್ಟರಿಗೆ ಫೋನ್ ಮಾಡಿ ಎಂದು ಅವರಿಗೆ ತಕ್ಷಣ ತಿಳಿಸಿದೆವು. ಆಮೇಲೆ ಕೂತು ಆ ಸಂದೇಶವನ್ನು ಸಾಲುಸಾಲಾಗಿ ಪರಿಶೀಲಿಸಿದೆವು. ಪೂರ್ತಿ ಸುಳ್ಳಾಗಿದ್ದರೆ ನಮ್ಮ ಕೆಲಸ ಸುಲಭವಾಗಿರುತ್ತಿತ್ತು. ಆದರೆ ಅದರಲ್ಲಿ ಒಂದಿಷ್ಟು ನಿಜವೂ ಇತ್ತು. ಅರ್ಧ ನಿಜ ಇರುವ ಸಂದೇಶವನ್ನೇ ಜನ ಬೇಗ ನಂಬುವುದು.

ಸಂದೇಶ ಏನು ಹೇಳುತ್ತದೆ?

ಅದರ ತಿರುಳು ಮೂರು ಮಾತುಗಳಲ್ಲಿದೆ.

ಒಂದು: ಬ್ಯಾಕ್ಟೀರಿಯಾಗಳು ನಮ್ಮ ದೇಹದಲ್ಲಿ ‘ಬಯೋಫಿಲ್ಮ್’ ಎಂಬ ಕೋಟೆ ಕಟ್ಟಿಕೊಂಡು ಕೂರುತ್ತವೆ. ಅದರೊಳಗೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ.

ಎರಡು: ಜಿಂಕ್, ಅಂದರೆ ಸತು, ಈ ಕೋಟೆಯನ್ನು ಒಡೆಯುತ್ತದೆ ಎಂದು ವಿಜ್ಞಾನಿಗಳು ಕಂಡುಹಿಡಿದಿದ್ದಾರೆ.

ಮೂರು: ಆದ್ದರಿಂದ ದಿನಕ್ಕೊಂದು ಜಿಂಕ್ ಮಾತ್ರೆ ತೆಗೆದುಕೊಂಡರೆ ಸಾಕು, ಆ್ಯಂಟಿಬಯೋಟಿಕ್ ಬೇಕಿಲ್ಲ.

ಮೊದಲನೆಯದು ಬಹುಪಾಲು ಸರಿ. ಎರಡನೆಯದು ಅರ್ಧ ಸರಿ. ಮೂರನೆಯದು ತಪ್ಪು, ಅಪಾಯಕಾರಿ ಕೂಡ. ಹೇಗೆಂದು ಒಂದೊಂದಾಗಿ ನೋಡೋಣ.

ಬಯೋಫಿಲ್ಮ್ ಎಂದರೇನು?

ಬಯೋಫಿಲ್ಮ್ ನೋಡಲು ಲ್ಯಾಬಿಗೆ ಹೋಗಬೇಕಾಗಿಲ್ಲ. ನಾಲ್ಕು ದಿನ ತೊಳೆಯದೆ ಬಿಟ್ಟ ನೀರಿನ ಬಕೆಟ್ಟಿನ ಒಳಗೋಡೆಯನ್ನು ಬೆರಳಿನಿಂದ ಸವರಿ. ಕೈಗೆ ಜಾರುಜಾರಾಗಿ ಸಿಗುವ ಪದರ ಇದೆಯಲ್ಲ, ಅದು ಬಯೋಫಿಲ್ಮ್. ಸಿಂಕಿನ ಪೈಪಿನೊಳಗಿನ ಲೋಳೆಯೂ ಅದೇ. ಬೆಳಗ್ಗೆ ಎದ್ದಾಗ ಹಲ್ಲಿನ ಮೇಲೆ ನಾಲಗೆ ಆಡಿಸಿದರೆ ಸಿಗುವ ಅಂಟಂಟು ಪದರವೂ ಅದೇ.

ನೀರಿನಲ್ಲಿ ಒಂಟಿಯಾಗಿ ತೇಲುವ ಬ್ಯಾಕ್ಟೀರಿಯಾಕ್ಕೆ ಒಂದು ಮೇಲ್ಮೈ ಸಿಕ್ಕಿತು ಎನ್ನಿ. ಅದು ಅಲ್ಲಿ ಅಂಟಿಕೊಳ್ಳುತ್ತದೆ, ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. ಸಂಖ್ಯೆ ಹೆಚ್ಚಿದಂತೆ ಇವೆಲ್ಲ ಸೇರಿ ಸಕ್ಕರೆಯ ಉದ್ದನೆಯ ಸರಪಳಿಗಳು, ಪ್ರೋಟೀನು, ಡಿಎನ್‌ಎ ಎಳೆಗಳು ಬೆರೆತ ಒಂದು ಅಂಟನ್ನು ಸುರಿಸುತ್ತವೆ. ಆ ಅಂಟಿನೊಳಗೆ ಹೂತುಕೊಂಡು ಒಟ್ಟಾಗಿ ಬದುಕುತ್ತವೆ. ಒಂದು ಬೀದಿ, ನಾಲ್ಕು ಮನೆ, ನೀರು ಹರಿಯಲು ಕಾಲುವೆ ಎಲ್ಲ ಇರುವ ಪುಟ್ಟ ಊರಿನಂತೆ.

ಇದನ್ನು ಮೊದಲು ಕಂಡವರಲ್ಲಿ ಒಬ್ಬರು ನೆದರ್ಲೆಂಡ್ಸ್‌ನ ಡೆಲ್ಫ್ಟ್ ಎಂಬ ಊರಿನ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವೆನ್‌ಹುಕ್. 1680ರ ದಶಕದಲ್ಲಿ ಅವರು ತಮ್ಮದೇ ಹಲ್ಲಿನ ಬೆಳ್ಳಗಿನ ಪಾಚಿಯನ್ನು ಕೆರೆದು, ತಾವೇ ತಯಾರಿಸಿದ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರು. ಅಲ್ಲಿ ಜೀವಿಗಳು ಓಡಾಡುತ್ತಿದ್ದವು! ವಿನೆಗರ್ ಹಾಕಿ ಬಾಯಿ ಮುಕ್ಕಳಿಸಿದ ಮೇಲೂ ನೋಡಿದರು. ಪಾಚಿಯ ಹೊರಗಿದ್ದ ಜೀವಿಗಳು ಮಾತ್ರ ಸತ್ತಿದ್ದವು, ಒಳಗಿದ್ದವಕ್ಕೆ ಏನೂ ಆಗಿರಲಿಲ್ಲ. ಬಯೋಫಿಲ್ಮ್‌ನ ಮುಖ್ಯ ಗುಣ ಆಗಲೇ ಕಂಡುಬಂದಿತ್ತು.

ಆಸ್ಪತ್ರೆಯಲ್ಲಿ ಇದೇ ಪದರ ದೊಡ್ಡ ತಲೆನೋವು. ಮೂತ್ರಕ್ಕೆ ಹಾಕುವ ಕ್ಯಾಥೆಟರ್, ರಕ್ತನಾಳದ ಟ್ಯೂಬು, ಕೃತಕ ಮಂಡಿಚಿಪ್ಪು, ಹೃದಯದ ಕೃತಕ ಕವಾಟ, ವಾಸಿಯಾಗದ ಸಕ್ಕರೆ ಕಾಯಿಲೆಯ ಗಾಯ ಇವೆಲ್ಲವೂ ಬಯೋಫಿಲ್ಮ್‌ಗೆ ಒಳ್ಳೆಯ ಜಾಗಗಳು.

ಅದರೊಳಗೆ ಔಷಧ ಏಕೆ ಸೋಲುತ್ತದೆ?

ಬಯೋಫಿಲ್ಮ್‌ನೊಳಗಿನ ಬ್ಯಾಕ್ಟೀರಿಯಾವನ್ನು ಕೊಲ್ಲಲು, ಒಂಟಿಯಾಗಿ ತೇಲುವ ಅದೇ ಬ್ಯಾಕ್ಟೀರಿಯಾಕ್ಕೆ ಬೇಕಾದುದಕ್ಕಿಂತ ಹತ್ತು ಪಟ್ಟಿನಿಂದ ಸಾವಿರ ಪಟ್ಟಿನವರೆಗೂ ಹೆಚ್ಚು ಔಷಧ ಬೇಕಾಗಬಹುದು. ಅದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ.

ಅಂಟಿನ ಪದರ ಕೆಲವು ಔಷಧಗಳನ್ನು ದಾರಿಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಇಲ್ಲವೇ ಒಳಗೆ ಇಳಿಯುವುದನ್ನು ನಿಧಾನಗೊಳಿಸುತ್ತದೆ. ಇದು ಮೊದಲನೆಯದು.

ಪದರದ ತಳದಲ್ಲಿ ಆಹಾರ, ಆಮ್ಲಜನಕ ಎರಡೂ ಕಡಿಮೆ. ಅಲ್ಲಿನ ಬ್ಯಾಕ್ಟೀರಿಯಾಗಳು ಬೆಳೆಯುವುದನ್ನು ನಿಲ್ಲಿಸಿ ನಿದ್ದೆಗೆ ಜಾರಿದಂತೆ ಇರುತ್ತವೆ. ಬಹಳಷ್ಟು ಆ್ಯಂಟಿಬಯೋಟಿಕ್‌ಗಳು ಬೆಳೆಯುತ್ತಿರುವ ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುವಂಥವು. ಔಷಧ ನಿಂತ ಮೇಲೆ ಈ ಮಲಗಿದ್ದವು ಏಳುತ್ತವೆ. ಸೋಂಕು ಮರಳುತ್ತದೆ. ಇದು ಎರಡನೆಯದು.

ಮೂರನೆಯದು ಇನ್ನೂ ಚಿಂತೆಯದು. ಒತ್ತೊತ್ತಾಗಿ ಬದುಕುವ ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಜೀನ್‌ಗಳನ್ನು ದಾಟಿಸುತ್ತವೆ. ಔಷಧವನ್ನು ಮುರಿಯುವ ಜೀನ್ ಒಂದರಲ್ಲಿ ಇದ್ದರೆ ಪಕ್ಕದ್ದಕ್ಕೂ ಹೋಗಬಹುದು. ಅದು ಬೇರೆ ಜಾತಿಯ ಬ್ಯಾಕ್ಟೀರಿಯಾ ಆಗಿದ್ದರೂ ಸರಿ.

ಇಲ್ಲಿ ಒಂದು ವ್ಯತ್ಯಾಸ ನೆನಪಿಡಿ. ಬಯೋಫಿಲ್ಮ್‌ನೊಳಗೆ ಅಡಗಿ ಔಷಧದಿಂದ ತಪ್ಪಿಸಿಕೊಳ್ಳುವುದು ಬೇರೆ, ಜೀನ್‌ಗಳೇ ಬದಲಾಗಿ ಔಷಧ ನಾಟದಂತೆ ಆಗುವುದು ಬೇರೆ. ಮೊದಲನೆಯದರಲ್ಲಿ ಬ್ಯಾಕ್ಟೀರಿಯಾ ಕೋಟೆಯಿಂದ ಹೊರಬಂದರೆ ಔಷಧ ಮತ್ತೆ ನಾಟುತ್ತದೆ. ಎರಡನೆಯದರಲ್ಲಿ ಹೊರಬಂದರೂ ನಾಟುವುದಿಲ್ಲ. ಅದನ್ನೇ ಆ್ಯಂಟಿಬಯೋಟಿಕ್ ಪ್ರತಿರೋಧ ಎನ್ನುವುದು. 2022ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, 2019ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಸಾವುಗಳಿಗೆ ಈ ಪ್ರತಿರೋಧವೇ ನೇರ ಕಾರಣ.

ಜಿಂಕ್ ಬಗ್ಗೆ ವಿಜ್ಞಾನಿಗಳು ಕಂಡದ್ದೇನು?

ಸಂದೇಶದ ಎರಡನೇ ಮಾತಿಗೆ ಬರೋಣ. ಜಿಂಕ್ ಬಯೋಫಿಲ್ಮ್‌ಗೆ ಅಡ್ಡಿ ಮಾಡುತ್ತದೆ ಎಂಬುದು ಗಾಳಿಸುದ್ದಿಯಲ್ಲ. ಹಂದಿಗಳಿಗೆ ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ ಸೇರಿದಂತೆ ಹಲವು ರೋಗಾಣುಗಳು ಲ್ಯಾಬಿನ ತಟ್ಟೆಯಲ್ಲಿ ಬಯೋಫಿಲ್ಮ್ ಕಟ್ಟುವುದನ್ನು ಜಿಂಕ್ ತಡೆಯುತ್ತದೆ ಎಂದು ಕೆನಡಾದ ಸಂಶೋಧಕರು 2013ರಲ್ಲಿ ವರದಿ ಮಾಡಿದರು. ಜಿಂಕ್ ಆಕ್ಸೈಡ್‌ನ ಅತಿ ಸಣ್ಣ ನ್ಯಾನೋ ಕಣಗಳ ಮೇಲೆ ಭಾರತವೂ ಸೇರಿ ಅನೇಕ ದೇಶಗಳಲ್ಲಿ ಪ್ರಯೋಗಗಳು ನಡೆದಿವೆ. ಈ ಕಣಗಳು ಬ್ಯಾಕ್ಟೀರಿಯಾದ ಹೊರಪೊರೆಯನ್ನು ಹಾನಿಗೊಳಿಸುತ್ತವೆ, ಜಿಂಕ್ ಅಯಾನುಗಳನ್ನು ಬಿಡುಗಡೆ ಮಾಡುತ್ತವೆ, ಜೀವಕೋಶವನ್ನು ಸುಡುವಂಥ ಆಮ್ಲಜನಕದ ರೂಪಗಳನ್ನು ಹುಟ್ಟಿಸುತ್ತವೆ.

ಇನ್ನೂ ಕುತೂಹಲದ ಸಂಗತಿಯೊಂದಿದೆ. ಬ್ಯಾಕ್ಟೀರಿಯಾದ ಡಿಎನ್‌ಎಗೆ ಪೆಟ್ಟು ಬಿದ್ದಾಗ ಅದು ಒಂದು ಅಪಾಯದ ಗಂಟೆ ಬಾರಿಸುತ್ತದೆ. ವಿಜ್ಞಾನಿಗಳು ಇದನ್ನು ‘ಎಸ್‌ಓಎಸ್ ಪ್ರತಿಕ್ರಿಯೆ’ ಎನ್ನುತ್ತಾರೆ. ಈ ಗಂಟೆ ಬಾರಿಸಿದಾಗ ಜೀನ್‌ಗಳ ಕೊಡುಕೊಳ್ಳುವಿಕೆಯೂ ಹೆಚ್ಚಬಹುದು. ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಜಿಂಕ್ ಈ ಗಂಟೆಯನ್ನು ಅದುಮಿ, ಪ್ರತಿರೋಧದ ಜೀನ್‌ಗಳು ದಾಟುವುದನ್ನು ಕಡಿಮೆ ಮಾಡುತ್ತದೆ ಎಂದು ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದರು.

ಇಷ್ಟೂ ನಿಜ. ಸಂದೇಶ ಬರೆದವರು ಇಲ್ಲಿಗೇ ಓದು ನಿಲ್ಲಿಸಿದಂತಿದೆ. ಮುಂದಿನ ಪುಟಗಳಲ್ಲಿ ಕಥೆ ತಿರುಗುತ್ತದೆ.

ಅದೇ ಜಿಂಕ್ ಬ್ಯಾಕ್ಟೀರಿಯಾಕ್ಕೂ ಬೇಕು

ಜಿಂಕ್ ನಮಗೆ ಬೇಕಾದಂತೆ ಬ್ಯಾಕ್ಟೀರಿಯಾಕ್ಕೂ ಬೇಕು. ಅತಿಯಾದರೆ ವಿಷ, ಮಿತವಾಗಿದ್ದರೆ ಅನ್ನ.

ನಮ್ಮ ಚರ್ಮದ ಮೇಲೆ ಸದಾ ಇರುವ ಒಂದು ಬ್ಯಾಕ್ಟೀರಿಯಾ ಸ್ಟ್ಯಾಫಿಲೋಕಾಕಸ್ ಎಪಿಡರ್ಮಿಡಿಸ್. ಕ್ಯಾಥೆಟರ್ ಮತ್ತು ಇಂಪ್ಲಾಂಟ್‌ಗಳ ಮೇಲೆ ಬಯೋಫಿಲ್ಮ್ ಕಟ್ಟುವುದರಲ್ಲಿ ಇದು ಎತ್ತಿದ ಕೈ. ಇದರ ಒಂದು ಕೋಶ ಇನ್ನೊಂದಕ್ಕೆ ಅಂಟಿಕೊಳ್ಳುವುದು ಉದ್ದನೆಯ ಪ್ರೋಟೀನುಗಳ ಮೂಲಕ. ಆ ಪ್ರೋಟೀನುಗಳು ಒಂದನ್ನೊಂದು ಹಿಡಿದುಕೊಳ್ಳಲು ನಡುವೆ ಜಿಂಕ್ ಬೇಕೇಬೇಕು ಎಂದು 2008ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಜಿಂಕ್ ಅನ್ನು ಹೀರಿ ತೆಗೆದಾಗ ಬಯೋಫಿಲ್ಮ್ ಕಟ್ಟುವುದು ನಿಂತಿತು. ಮತ್ತೆ ಜಿಂಕ್ ಸೇರಿಸಿದಾಗ ಶುರುವಾಯಿತು. ಅಂದರೆ ಇಲ್ಲಿ ಜಿಂಕ್ ಕೋಟೆ ಒಡೆಯುವ ಸುತ್ತಿಗೆಯಲ್ಲ, ಇಟ್ಟಿಗೆಗಳ ನಡುವಿನ ಗಾರೆ.

ಎರಡನೇ ಉದಾಹರಣೆಯ ಹೆಸರನ್ನು ನೀವು ಸುದ್ದಿಯಲ್ಲಿ ಕೇಳಿರಬಹುದು: ಎನ್‌ಡಿಎಂ-1. ‘ನ್ಯೂ ಡೆಲ್ಲಿ ಮೆಟಾಲೊ ಬೀಟಾ ಲ್ಯಾಕ್ಟಮೇಸ್’ ಎಂಬುದು ಅದರ ಪೂರ್ಣ ಹೆಸರು. ಭಾರತದಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಮರಳಿದ ರೋಗಿಯೊಬ್ಬರಲ್ಲಿ 2008ರಲ್ಲಿ ಇದು ಮೊದಲು ಪತ್ತೆಯಾಯಿತು. ಹೆಸರಿನಲ್ಲಿ ದೆಹಲಿ ಸೇರಿದ್ದಕ್ಕೆ ನಮ್ಮಲ್ಲಿ ದೊಡ್ಡ ವಿವಾದವೂ ಆಯಿತು. ಇದು ಬ್ಯಾಕ್ಟೀರಿಯಾ ತಯಾರಿಸುವ ಒಂದು ಕಿಣ್ವ. ಬೇರೆ ಔಷಧಗಳು ಸೋತಾಗ ಐಸಿಯುನಲ್ಲಿ ಕೊಡುವ ಕಾರ್ಬಪೆನೆಮ್ ಗುಂಪಿನ ಆ್ಯಂಟಿಬಯೋಟಿಕ್‌ಗಳನ್ನೂ ಇದು ಕತ್ತರಿಸಿ ಹಾಕುತ್ತದೆ. ಹೆಸರಿನಲ್ಲಿರುವ ‘ಮೆಟಾಲೊ’ ಎಂದರೆ ಲೋಹ. ಯಾವ ಲೋಹ? ಜಿಂಕ್! ಈ ಕತ್ತರಿಯ ಹರಿತ ಇರುವುದೇ ಎರಡು ಜಿಂಕ್ ಅಯಾನುಗಳಲ್ಲಿ.

ಹಾಗಾಗಿ ಕೆಲವು ವಿಜ್ಞಾನಿಗಳು ಜಿಂಕ್ ಕೊಡುವ ಬದಲು ಜಿಂಕ್ ಕಸಿಯುವ ದಾರಿ ಹುಡುಕುತ್ತಿದ್ದಾರೆ. ಕೆನಡಾದ ಮಣ್ಣಿನಲ್ಲಿ ಸಿಕ್ಕ ಒಂದು ಶಿಲೀಂಧ್ರ ತಯಾರಿಸುವ ‘ಆಸ್ಪರ್‌ಜಿಲೋಮರಾಸ್ಮಿನ್ ಎ’ ಎಂಬ ವಸ್ತು ಎನ್‌ಡಿಎಂ-1ರಿಂದ ಜಿಂಕ್ ಅನ್ನು ಕಿತ್ತುಕೊಳ್ಳುತ್ತದೆ, ಆಗ ಸೋತಿದ್ದ ಔಷಧ ಇಲಿಗಳಲ್ಲಿ ಮತ್ತೆ ಕೆಲಸ ಮಾಡುತ್ತದೆ ಎಂದು ಅಲ್ಲಿನ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ತಂಡ 2014ರಲ್ಲಿ ತೋರಿಸಿತು.

ನಮ್ಮ ದೇಹಕ್ಕೂ ಈ ಉಪಾಯ ಗೊತ್ತು. ಸೋಂಕಾದ ಜಾಗಕ್ಕೆ ಓಡಿಬರುವ ಬಿಳಿ ರಕ್ತಕಣಗಳು ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನನ್ನು ಸುರಿಯುತ್ತವೆ. ಅದು ಅಲ್ಲಿನ ಜಿಂಕ್ ಮತ್ತು ಮ್ಯಾಂಗನೀಸ್ ಅನ್ನು ಹಿಡಿದಿಟ್ಟು ಬ್ಯಾಕ್ಟೀರಿಯಾವನ್ನು ಉಪವಾಸ ಕೆಡವುತ್ತದೆ. ನಮ್ಮ ದೇಹವೇ ಜಿಂಕ್ ಅನ್ನು ಬಚ್ಚಿಡುತ್ತಿರುವ ಜಾಗಕ್ಕೆ ಇನ್ನಷ್ಟು ಜಿಂಕ್ ಕಳಿಸಿದರೆ ಸೋಂಕು ವಾಸಿಯಾಗುತ್ತದೆ ಎನ್ನಲು ಆಧಾರವಿಲ್ಲ.

ಲ್ಯಾಬಿನ ತಟ್ಟೆ ಬೇರೆ, ನಮ್ಮ ದೇಹ ಬೇರೆ

ಲ್ಯಾಬಿನಲ್ಲಿ ಜಿಂಕ್ ಅನ್ನು ಬ್ಯಾಕ್ಟೀರಿಯಾದ ಮೇಲೆಯೇ ಸುರಿಯುತ್ತಾರೆ. ಎಷ್ಟು ಬೇಕೋ ಅಷ್ಟು. ನೀವು ನುಂಗಿದ ಮಾತ್ರೆಯ ದಾರಿ ಹಾಗಿಲ್ಲ. ಅದು ಹೊಟ್ಟೆಯಲ್ಲಿ ಕರಗಿ, ಕರುಳಿನಲ್ಲಿ ಒಂದು ಪಾಲು ಮಾತ್ರ ಹೀರಲ್ಪಟ್ಟು ರಕ್ತ ಸೇರುತ್ತದೆ. ಉಳಿದದ್ದು ಮಲದಲ್ಲಿ ಹೋಗುತ್ತದೆ. ಆರೋಗ್ಯವಂತರ 100 ಮಿಲಿಲೀಟರ್ ರಕ್ತದ್ರವದಲ್ಲಿ ಇರುವ ಜಿಂಕ್ ಸುಮಾರು 70ರಿಂದ 120 ಮೈಕ್ರೋಗ್ರಾಂ. ಒಂದು ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಅದರಲ್ಲಿಯೂ ಹೆಚ್ಚಿನದು ಆಲ್ಬುಮಿನ್‌ನಂಥ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ, ಬಿಡಿಯಾಗಿ ಓಡಾಡುವುದು ತೀರಾ ಅತ್ಯಲ್ಪ. ಒಂದು ಮಾತ್ರೆ ಹೆಚ್ಚಿಗೆ ನುಂಗಿದ ಮಾತ್ರಕ್ಕೆ ಮೂತ್ರಕೋಶದಲ್ಲೋ ಮಂಡಿಯಲ್ಲೋ ಇರುವ ಬಯೋಫಿಲ್ಮ್‌ನ ಸುತ್ತ ಲ್ಯಾಬಿನಷ್ಟು ಜಿಂಕ್ ತುಂಬಿಕೊಳ್ಳುವುದಿಲ್ಲ. ದೇಹ ಅದಕ್ಕೆ ಬಿಡುವುದೂ ಇಲ್ಲ.

ಜಿಂಕ್ ಮೇಲಿನ ಇಂಥ ನಂಬಿಕೆ ಹೊಸದಲ್ಲ. ಕೋವಿಡ್ ಕಾಲದಲ್ಲಿ ವಿಟಮಿನ್ ಸಿ ಜೊತೆ ಜಿಂಕ್ ಮಾತ್ರೆ ಇಲ್ಲದ ಮನೆಯೇ ಅಪರೂಪವಾಗಿತ್ತು. ಅಮೆರಿಕದಲ್ಲಿ 214 ಕೋವಿಡ್ ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2021ರ ಫೆಬ್ರುವರಿಯಲ್ಲಿ ಬಂತು. ಹೆಚ್ಚಿನ ಪ್ರಮಾಣದ ಜಿಂಕ್, ವಿಟಮಿನ್ ಸಿ ಅಥವಾ ಎರಡನ್ನೂ ತೆಗೆದುಕೊಂಡವರಿಗೂ ತೆಗೆದುಕೊಳ್ಳದವರಿಗೂ ಲಕ್ಷಣಗಳು ಕಡಿಮೆಯಾಗುವುದರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಜಿಂಕ್ ಎಲ್ಲಿ ಕೆಲಸ ಮಾಡುತ್ತದೆ?

ನೇರವಾಗಿ ತಾಗುವ ಜಾಗದಲ್ಲಿ. ಕೆಲವು ಟೂತ್‌ಪೇಸ್ಟ್ ಮತ್ತು ಮೌತ್‌ವಾಶ್‌ಗಳ ಹಿಂಬದಿ ಓದಿ ನೋಡಿ. ಜಿಂಕ್ ಸಿಟ್ರೇಟ್, ಜಿಂಕ್ ಕ್ಲೋರೈಡ್ ಎಂಬ ಹೆಸರುಗಳು ಸಿಗುತ್ತವೆ. ಹಲ್ಲಿನ ಪಾಚಿ ಕಟ್ಟುವುದನ್ನು ಒಂದಿಷ್ಟು ತಡೆಯಲು, ಬಾಯಿಯ ದುರ್ವಾಸನೆಗೆ ಕಾರಣವಾದ ಗಂಧಕದ ಅನಿಲಗಳನ್ನು ಹಿಡಿದಿಡಲು ಅದನ್ನು ಸೇರಿಸುತ್ತಾರೆ. ಹಲ್ಲಿನ ಡಾಕ್ಟರು ತಾತ್ಕಾಲಿಕವಾಗಿ ತುಂಬುವ, ಲವಂಗದ ವಾಸನೆ ಬರುವ ಸಿಮೆಂಟು ಜಿಂಕ್ ಆಕ್ಸೈಡ್ ಮತ್ತು ಯೂಜಿನಾಲ್‌ನ ಮಿಶ್ರಣ. ಕ್ಯಾಲಮೈನ್ ಲೋಷನ್‌ನಲ್ಲಿ, ಮಕ್ಕಳ ಡೈಪರ್ ಕ್ರೀಮಿನಲ್ಲಿ ಇರುವುದೂ ಜಿಂಕ್ ಆಕ್ಸೈಡೇ. ಕ್ಯಾಥೆಟರ್ ಮತ್ತು ಗಾಯದ ಪಟ್ಟಿಗಳಿಗೆ ಜಿಂಕ್ ಲೇಪಿಸುವ ಸಂಶೋಧನೆಯೂ ನಡೆಯುತ್ತಿದೆ. ಅದು ಮುಂದೆ ಉಪಯೋಗಕ್ಕೆ ಬರಬಹುದು. ಅಲ್ಲಿಯೂ ಜಿಂಕ್ ಇರುವುದು ಲೇಪನದಲ್ಲಿ, ನೀವು ನುಂಗುವ ಮಾತ್ರೆಯಲ್ಲಿ ಅಲ್ಲ.

ಯುರೋಪಿನ ಹಂದಿಗಳು ಕಲಿಸಿದ ಪಾಠ

“ಹೆಚ್ಚು ಜಿಂಕ್ ತಗೊಂಡ್ರೆ ತಪ್ಪೇನು?” ಎಂದು ನೀವು ಕೇಳಬಹುದು. ಇದಕ್ಕೆ ಯುರೋಪಿನ ಹಂದಿ ಸಾಕಣೆಯಲ್ಲಿ ಉತ್ತರವಿದೆ.

ತಾಯಿಹಾಲು ಬಿಡಿಸಿದ ಹಂದಿಮರಿಗಳಿಗೆ ಭೇದಿ ಹೆಚ್ಚು. ಅದನ್ನು ತಡೆಯಲು ಅಲ್ಲಿ ಪ್ರತಿ ಕಿಲೋ ಮೇವಿಗೆ ಸುಮಾರು 2500 ಮಿಲಿಗ್ರಾಂವರೆಗೆ ಜಿಂಕ್ ಬೆರೆಸುತ್ತಿದ್ದರು. ಭೇದಿ ಕಡಿಮೆಯಾಗುತ್ತಿತ್ತು. ಆದರೆ ಹೀರಿಕೊಳ್ಳದ ಜಿಂಕ್ ಗೊಬ್ಬರದ ಮೂಲಕ ಹೊಲ ಸೇರಿ ಮಣ್ಣಿನಲ್ಲಿ ಉಳಿಯತೊಡಗಿತು. ಅಷ್ಟೇ ಅಲ್ಲ, ಹಂದಿಗಳಲ್ಲಿ ಸಿಗುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದಲ್ಲಿ ಜಿಂಕ್ ತಡೆದುಕೊಳ್ಳುವ ಜೀನ್, ಮೆಥಿಸಿಲಿನ್ ಎಂಬ ಆ್ಯಂಟಿಬಯೋಟಿಕ್ ತಡೆದುಕೊಳ್ಳುವ ಜೀನ್‌ನ ಜೊತೆಯಲ್ಲೇ ಒಂದೇ ಡಿಎನ್‌ಎ ತುಂಡಿನಲ್ಲಿ ಕಂಡುಬಂತು. ಮೇವಿನಲ್ಲಿ ಜಿಂಕ್ ತುಂಬಿದಾಗ ಬದುಕುಳಿಯುವುದು ಜಿಂಕ್ ತಡೆಯಬಲ್ಲ ಬ್ಯಾಕ್ಟೀರಿಯಾ. ಅದರ ಜೊತೆ ಔಷಧಕ್ಕೆ ಬಗ್ಗದ ಗುಣವೂ ಉಚಿತವಾಗಿ ಬಂದಂತಾಯಿತು. ಒಂದೇ ಒಂದು ಗುಳಿಗೆ ಆ್ಯಂಟಿಬಯೋಟಿಕ್ ಕೊಡದೆಯೂ ಪ್ರತಿರೋಧ ಬೆಳೆಯಬಹುದು ಎಂಬುದು ಇದರ ಅರ್ಥ. ಈ ಕಾರಣಗಳಿಗಾಗಿ ಔಷಧ ಪ್ರಮಾಣದ ಜಿಂಕ್ ಆಕ್ಸೈಡ್ ಬಳಕೆಯನ್ನು ಯುರೋಪಿಯನ್ ಒಕ್ಕೂಟ 2022ರ ಜೂನ್‌ನಿಂದ ನಿಲ್ಲಿಸಿತು.

ಮನುಷ್ಯರಿಗೂ ಒಂದು ಮಿತಿಯಿದೆ. ವಯಸ್ಕರಿಗೆ ಆಹಾರ, ಮಾತ್ರೆ ಎಲ್ಲ ಸೇರಿ ದಿನಕ್ಕೆ 40 ಮಿಲಿಗ್ರಾಂ ಜಿಂಕ್ ಮೇಲಿನ ಮಿತಿ. ತಿಂಗಳುಗಟ್ಟಲೆ ಇದನ್ನು ಮೀರಿದರೆ ದೇಹ ತಾಮ್ರವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಅದರಿಂದ ರಕ್ತಹೀನತೆ ಬರಬಹುದು, ಕೈಕಾಲು ಜೋಮು ಹಿಡಿಯುವಂಥ ನರದ ತೊಂದರೆಯೂ ಆಗಬಹುದು. ಮಾರುಕಟ್ಟೆಯಲ್ಲಿ 50 ಮಿಲಿಗ್ರಾಂ ಜಿಂಕ್‌ನ ಮಾತ್ರೆಗಳೂ ಸಿಗುತ್ತವೆ. ಕೊಳ್ಳುವ ಮುನ್ನ ಸ್ಟ್ರಿಪ್ಪಿನ ಹಿಂಬದಿ ನೋಡಿ.

ಗಮನಿಸಿ: ಜಿಂಕ್ ನಿಮ್ಮ ಆ್ಯಂಟಿಬಯೋಟಿಕ್ ಅನ್ನೇ ತಡೆಯಬಹುದು

ಈ ಇಡೀ ಲೇಖನದಲ್ಲಿ ನೀವು ನೆನಪಿಡಬೇಕಾದ ಒಂದು ಎಚ್ಚರಿಕೆ ಇದು. ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಮುಂತಾದ ಆ್ಯಂಟಿಬಯೋಟಿಕ್‌ಗಳು ಹಾಗೂ ಟೆಟ್ರಾಸೈಕ್ಲಿನ್ ಗುಂಪಿನವು ಹೊಟ್ಟೆಯಲ್ಲಿ ಜಿಂಕ್ ಜೊತೆ ಸೇರಿದರೆ ಎರಡೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಆಗ ಔಷಧ ಪೂರ್ತಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಮಾತ್ರೆ ನುಂಗಿದ್ದೂ ನಿಜ, ಔಷಧ ಸೋಂಕಿನ ಜಾಗಕ್ಕೆ ಸಾಕಷ್ಟು ತಲುಪದಿದ್ದೂ ನಿಜ. ಅರೆಬರೆ ಔಷಧ ಸಿಕ್ಕ ಬ್ಯಾಕ್ಟೀರಿಯಾ ಸಾಯದೆ ಉಳಿದು ಇನ್ನಷ್ಟು ಗಟ್ಟಿಯಾಗಬಹುದು. ಪ್ರತಿರೋಧ ಹುಟ್ಟುವ ದಾರಿಗಳಲ್ಲಿ ಇದೂ ಒಂದು.

ಕಬ್ಬಿಣಾಂಶ, ಕ್ಯಾಲ್ಸಿಯಂ ಮಾತ್ರೆಗಳಿಗೂ, ಕೆಲವು ಗ್ಯಾಸ್ಟ್ರಿಕ್ ಔಷಧಗಳಿಗೂ ಇದೇ ಗುಣವಿದೆ. ಮಲ್ಟಿವಿಟಮಿನ್ ಮಾತ್ರೆಗಳಲ್ಲೂ ಜಿಂಕ್ ಇರುತ್ತದೆ. ಸಾಮಾನ್ಯವಾಗಿ ಇಂಥ ಆ್ಯಂಟಿಬಯೋಟಿಕ್ ಅನ್ನು ಜಿಂಕ್‌ಗಿಂತ ಕನಿಷ್ಠ 2 ಗಂಟೆ ಮೊದಲು ಅಥವಾ 4ರಿಂದ 6 ಗಂಟೆ ನಂತರ ತೆಗೆದುಕೊಳ್ಳಲು ಹೇಳುತ್ತಾರೆ. ನಿಮ್ಮ ಔಷಧಕ್ಕೆ ಎಷ್ಟು ಅಂತರ ಬೇಕು ಎಂಬುದನ್ನು ಡಾಕ್ಟರ್ ಅಥವಾ ಫಾರ್ಮಸಿಸ್ಟ್ ಬಳಿ ಕೇಳಿ. “ಬೇರೆ ಯಾವ ಮಾತ್ರೆ ತಗೊಳ್ತಿದ್ದೀರಿ?” ಎಂದು ಡಾಕ್ಟರು ಕೇಳಿದಾಗ ವಿಟಮಿನ್, ಜಿಂಕ್ ಮಾತ್ರೆಗಳನ್ನೂ ಸೇರಿಸಿ ಹೇಳಿ. ಬಹಳ ಮಂದಿ ಅದನ್ನು ಮಾತ್ರೆ ಎಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಜಿಂಕ್ ನಿಜವಾಗಿ ಆ್ಯಂಟಿಬಯೋಟಿಕ್ ಉಳಿಸುವ ಜಾಗ ಒಂದಿದೆ

ಓದುಗರ ಜೊತೆ ಮಾತು ಮುಂದುವರಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಅವರ ಅಮ್ಮ ಉಳಿದ ನಾಲ್ಕು ದಿನದ ಆ್ಯಂಟಿಬಯೋಟಿಕ್ ಅನ್ನು ಎಸೆದಿರಲಿಲ್ಲ. “ಮೊಮ್ಮಗನಿಗೆ ಹೊಟ್ಟೆ ಕೆಟ್ಟಾಗ ಬೇಕಾದೀತು” ಎಂದು ಫ್ರಿಜ್ ಮೇಲಿನ ಡಬ್ಬಿಯಲ್ಲಿ ಎತ್ತಿಟ್ಟಿದ್ದರು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇಂಥ ಡಬ್ಬಿ ಇಲ್ಲ ಹೇಳಿ?

ಜಿಂಕ್‌ಗೆ ನಿಜವಾದ ಕೆಲಸವಿರುವುದು ಇಲ್ಲಿಯೇ. ಮಕ್ಕಳ ನೀರುಭೇದಿಗೆ ಬಹಳ ಸಲ ರೋಟಾವೈರಸ್‌ನಂಥ ವೈರಸ್‌ಗಳು ಕಾರಣ. ವೈರಸ್ ಮೇಲೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಮಗುವಿಗೆ ಬೇಕಾದದ್ದು ಕಳೆದುಹೋದ ನೀರು ಮತ್ತು ಲವಣ, ಅಂದರೆ ಓಆರ್‌ಎಸ್. ಜೊತೆಗೆ ಜಿಂಕ್. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಿಂದ ಇದನ್ನೇ ಹೇಳುತ್ತಿವೆ. ಜಿಂಕ್ ಕೊಟ್ಟಾಗ ಭೇದಿಯ ಅವಧಿ ಸುಮಾರು ಶೇ 25ರಷ್ಟು, ಮಲದ ಪ್ರಮಾಣ ಸುಮಾರು ಶೇ 30ರಷ್ಟು ಕಡಿಮೆಯಾಗುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಭೇದಿಯಲ್ಲಿ ಮಗುವಿನ ದೇಹದಿಂದ ಜಿಂಕ್ ಕೂಡ ಹರಿದುಹೋಗಿರುತ್ತದೆ. ಅದನ್ನು ತುಂಬಿಕೊಟ್ಟರೆ ಕರುಳಿನ ಒಳಪದರ ಬೇಗ ಸುಧಾರಿಸುತ್ತದೆ.

ನಮ್ಮ ದೇಶದ ಕಾರ್ಯಕ್ರಮದಲ್ಲಿ ಹೀಗಿದೆ: 2ರಿಂದ 6 ತಿಂಗಳ ಶಿಶುವಿಗೆ ದಿನಕ್ಕೆ 10 ಮಿಲಿಗ್ರಾಂ, 6 ತಿಂಗಳಿಂದ 5 ವರ್ಷದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಒಟ್ಟು 14 ದಿನ. ಮಾತ್ರೆಯನ್ನು ಚಮಚದಲ್ಲಿ ತಾಯಿಹಾಲು ಅಥವಾ ಶುದ್ಧ ನೀರಿನಲ್ಲಿ ಕರಗಿಸಿ ಕುಡಿಸಬೇಕು. ಎರಡೇ ದಿನಕ್ಕೆ ಭೇದಿ ನಿಂತರೂ 14 ದಿನ ಪೂರ್ತಿ ಕೊಡಬೇಕು. ಓಆರ್‌ಎಸ್ ಮತ್ತು ಜಿಂಕ್ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ಉಚಿತವಾಗಿ ಸಿಗುತ್ತವೆ. ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, 2 ತಿಂಗಳಿಗಿಂತ ಚಿಕ್ಕ ಶಿಶುವಾಗಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಕೆಲವು ಭೇದಿಗಳಿಗೆ ಆ್ಯಂಟಿಬಯೋಟಿಕ್ ಬೇಕಾಗುತ್ತದೆ, ಅದನ್ನು ತೀರ್ಮಾನಿಸುವುದು ಡಾಕ್ಟರು.

ಇಲ್ಲಿ ಜಿಂಕ್ ಯಾವ ಕೋಟೆಯನ್ನೂ ಒಡೆಯುತ್ತಿಲ್ಲ. ಬೇಡದ ಕಡೆ ಆ್ಯಂಟಿಬಯೋಟಿಕ್ ಕೊಡುವುದನ್ನು ತಪ್ಪಿಸುತ್ತಿದೆ. ಪ್ರತಿರೋಧ ಕಡಿಮೆ ಮಾಡಲು ಅದಕ್ಕಿಂತ ಒಳ್ಳೆಯ ಉಪಾಯ ಕಡಿಮೆ.

ಮನೆಯಲ್ಲಿ ಏನು ಮಾಡಬಹುದು?

• ಬಯೋಫಿಲ್ಮ್ ತೆಗೆಯಲು ಉಜ್ಜುವುದೇ ಒಳ್ಳೆಯ ಮದ್ದು. ಹಲ್ಲನ್ನು ದಿನಕ್ಕೆರಡು ಸಲ ಉಜ್ಜಿ. ನೀರಿನ ಬಕೆಟ್, ಕೊಡ, ಬಾಟಲಿಗಳನ್ನು ಬರೀ ನೀರಿನಲ್ಲಿ ಅಲುಬಿ ಇಡಬೇಡಿ, ಒಳಗೆ ಬ್ರಷ್ ಹಾಕಿ ತಿಕ್ಕಿ.

• ಮನೆಯಲ್ಲಿ ಯಾರಿಗಾದರೂ ಕ್ಯಾಥೆಟರ್ ಇದ್ದರೆ ಅದನ್ನು ಯಾವಾಗ ಬದಲಿಸಬೇಕು, ಯಾವಾಗ ತೆಗೆಯಬಹುದು ಎಂದು ಡಾಕ್ಟರನ್ನು ಕೇಳಿ. ಮುಟ್ಟುವ ಮುನ್ನ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

• ಆ್ಯಂಟಿಬಯೋಟಿಕ್ ಅನ್ನು ಎಷ್ಟು ದಿನ ತೆಗೆದುಕೊಳ್ಳಬೇಕು ಎಂಬುದು ಡಾಕ್ಟರ ನಿರ್ಧಾರ. ಮಧ್ಯದಲ್ಲಿ ನಿಲ್ಲಿಸಬೇಕೆನಿಸಿದರೆ ಮೊದಲು ಕೇಳಿ. ಉರಿಮೂತ್ರ ಪದೇಪದೇ ಬರುತ್ತಿದ್ದರೆ ಯೂರಿನ್ ಕಲ್ಚರ್ ಪರೀಕ್ಷೆ ಬೇಕೇ ಎಂದೂ ಕೇಳಿ. ಯಾವ ಔಷಧ ನಾಟುತ್ತದೆ ಎಂಬುದು ಅದರಲ್ಲಿ ಗೊತ್ತಾಗುತ್ತದೆ.

• ಉಳಿದ ಆ್ಯಂಟಿಬಯೋಟಿಕ್ ಅನ್ನು ಇನ್ನೊಬ್ಬರಿಗೆ ಕೊಡಬೇಡಿ. ದೊಡ್ಡವರ ಮಾತ್ರೆಯನ್ನು ಅರ್ಧ ಮಾಡಿ ಮಗುವಿಗೆ ಕೊಡುವುದಂತೂ ಬೇಡವೇ ಬೇಡ.

• ಜಿಂಕ್ ಊಟದಿಂದಲೇ ಬರಲಿ. ಬೇಳೆಕಾಳು, ಎಳ್ಳು, ಕುಂಬಳಬೀಜ, ಹಾಲು, ಮೊಟ್ಟೆ, ಮಾಂಸದಲ್ಲಿ ಅದು ಇದೆ. ಧಾನ್ಯ, ಕಾಳುಗಳಲ್ಲಿನ ಫೈಟೇಟ್ ಎಂಬ ಅಂಶ ಜಿಂಕ್ ಅನ್ನು ಹಿಡಿದಿಡುತ್ತದೆ. ಮೊಳಕೆ ಕಟ್ಟಿದಾಗ, ಇಡ್ಲಿ-ದೋಸೆ ಹಿಟ್ಟು ಹುಳಿ ಬಂದಾಗ ಆ ಹಿಡಿತ ಸಡಿಲವಾಗುತ್ತದೆ. ಕೊರತೆಯಿದೆ ಎಂದು ಡಾಕ್ಟರು ಹೇಳಿದರೆ ಮಾತ್ರೆ ತೆಗೆದುಕೊಳ್ಳಿ. ಹೇಳಿದಷ್ಟು, ಹೇಳಿದಷ್ಟು ದಿನ.

ಕೊನೆಯ ಮಾತು

ಆ ಓದುಗರು ಅಂದು ಸಂಜೆಯೇ ಡಾಕ್ಟರಿಗೆ ಫೋನ್ ಮಾಡಿದರು. ಅಮ್ಮನನ್ನು ಮರುದಿನ ಕರೆದುಕೊಂಡು ಬರಲು ಹೇಳಿದರಂತೆ. ಮೂತ್ರ ಪರೀಕ್ಷೆ ಮಾಡಿಸಿ, ಚಿಕಿತ್ಸೆಯನ್ನು ಮತ್ತೆ ಆರಂಭಿಸಿದರಂತೆ. “ಅಮ್ಮ ಈಗ ಆ ಡಬ್ಬಿ ಖಾಲಿ ಮಾಡಿ ಅದರಲ್ಲಿ ಓಆರ್‌ಎಸ್ ಪ್ಯಾಕೆಟ್ ಇಟ್ಟಿದ್ದಾರೆ” ಎಂದು ಆಮೇಲೆ ಬರೆದರು.

ನಮ್ಮ ತೀರ್ಮಾನ: ಬಯೋಫಿಲ್ಮ್ ಇರುವುದು ನಿಜ. ಲ್ಯಾಬಿನಲ್ಲಿ ಜಿಂಕ್ ಕೆಲವು ಬಯೋಫಿಲ್ಮ್‌ಗಳನ್ನು ತಡೆಯುವುದು ನಿಜ, ಕೆಲವನ್ನು ಕಟ್ಟಲು ಸಹಾಯ ಮಾಡುವುದೂ ನಿಜ. ಜಿಂಕ್ ಮಾತ್ರೆ ಆ್ಯಂಟಿಬಯೋಟಿಕ್‌ಗೆ ಬದಲಿ ಎಂಬುದು ಸುಳ್ಳು.

ಆ ಹಳೆಯ ಸಂದೇಶ ನಿಮ್ಮ ಗುಂಪಿನಲ್ಲಿ ಬಂದರೆ ಕಳಿಸಿದವರನ್ನು ಗೇಲಿ ಮಾಡಬೇಡಿ. ಬಹುಶಃ ಅವರೂ ಯಾರದೋ ಒಳ್ಳೆಯದಕ್ಕೆಂದೇ ಕಳಿಸಿರುತ್ತಾರೆ. ಅದರ ಕೆಳಗೆ ಈ ನಾಲ್ಕು ಸಾಲು ಹಾಕಿ:

“ಜಿಂಕ್ ಮಾತ್ರೆ ಆ್ಯಂಟಿಬಯೋಟಿಕ್‌ಗೆ ಬದಲಿ ಅಲ್ಲ. ಕೆಲವು ಆ್ಯಂಟಿಬಯೋಟಿಕ್ ಜೊತೆ ಅದನ್ನು ಒಟ್ಟಿಗೆ ನುಂಗಿದರೆ ಔಷಧವೇ ಕೆಲಸ ಮಾಡದೆ ಹೋಗಬಹುದು. ಡಾಕ್ಟರನ್ನು ಕೇಳದೆ ಆ್ಯಂಟಿಬಯೋಟಿಕ್ ನಿಲ್ಲಿಸಬೇಡಿ, ಉಳಿದದ್ದನ್ನು ಇನ್ನೊಬ್ಬರಿಗೆ ಕೊಡಬೇಡಿ. ಮಗುವಿಗೆ ನೀರುಭೇದಿಯಾದರೆ ಮೊದಲು ಓಆರ್‌ಎಸ್, ಜೊತೆಗೆ 14 ದಿನ ಜಿಂಕ್.”